ಓಣಿಯ ಮಳೆನೀರಿನ ಸಮೀಕ್ಷೆ: ಕಲಬುರಗಿಯ ಬಡಾವಣೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ವರ್ಷಕ್ಕೆ ಸುರಿಯುವ ಮಳೆ ಸರಾಸರಿ 750 ಮಿಲಿಮೀಟರ್ ಆಸುಪಾಸಿನದು. ಮಂಗಳೂರಿನಲ್ಲಿ ಸುರಿಯುವುದರ ಐದನೆಯ ಒಂದು ಪಾಲು. ಅಷ್ಟು ಕಡಿಮೆ ಮಳೆಯ ಊರಿನಲ್ಲಿ ಮನೆಯೊಳಗೆ ನೀರು ನುಗ್ಗುವುದೇಕೆ ಎಂದು ಹೊರಗಿನವರು ಕೇಳುವುದುಂಟು. ಮಿರಗದ ಮಳೆಗೆ ಕಾದು ಕುಳಿತ ವರ್ಷವೇ ಆಷಾಢ ಒಣಗಿ ಹೋಗಿ, ಸೆಪ್ಟೆಂಬರಿನಲ್ಲಿ ಉತ್ತರಿ, ಹಸ್ತ ಹಿಡಿದಾಗ ಒಂದೇ ಸಂಜೆಯಲ್ಲಿ ಹಲವು ವಾರಗಳ ಮಳೆ ಸುರಿದುಬಿಡುವುದನ್ನು ಇಲ್ಲಿ ಬಾಳಿದವರೆಲ್ಲ ಕಂಡಿದ್ದಾರೆ. ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕೊಡ ಹಿಡಿದು ನಿಂತ ಓಣಿಯಲ್ಲೇ ಆ ಸಂಜೆ ಮಂದಿ ಅಡುಗೆಮನೆಯ ನೀರನ್ನು ಬಕೆಟ್ಟಿನಿಂದ ಹೊರಗೆ ಚೆಲ್ಲುತ್ತಿರುತ್ತಾರೆ.

ಮರುದಿನ ನಾವು ಸಾಮಾನ್ಯವಾಗಿ ಮಾಡುವುದೆಂದರೆ, ನೀರು ನಿಂತ ಜಾಗದ ಫೋಟೊ ತೆಗೆದು, ಅಲ್ಲೊಂದು ಗಟಾರ ಕಟ್ಟಿಸಿಕೊಡಿ ಎಂದು ಅರ್ಜಿ ಬರೆಯುವುದು. ಗಟಾರವೂ ಒಂದು ದಿನ ಬರುತ್ತದೆ, ನೀರೂ ಮತ್ತೆ ನಿಲ್ಲುತ್ತದೆ. ನೀರು ನಿಂತಲ್ಲಿ ಕಾಣುವುದು ತೊಂದರೆ ಮಾತ್ರ. ಅದರ ಕಾರಣ ಸಾಮಾನ್ಯವಾಗಿ ಮೇಲೆ ಎರಡು ಓಣಿ ಆಚೆಗೋ ಕೆಳಗೆ ಅರ್ಧ ಕಿಲೋಮೀಟರ್ ಆಚೆಗೋ ಇರುತ್ತದೆ. ಆದ್ದರಿಂದ ಸಮೀಕ್ಷೆಯನ್ನು ನೀರು ಬಡಾವಣೆಯನ್ನು ಬಿಟ್ಟು ಹೊರಹೋಗುವ ಬಾಯಿಯಿಂದ ಆರಂಭಿಸಿ, ಅಲ್ಲಿಂದ ಮೇಲಕ್ಕೆ ಹತ್ತುತ್ತ ಹೋಗಬೇಕೆಂಬುದೇ ಈ ಬರಹದ ಮುಖ್ಯ ಮಾತು. ಎಂಜಿನಿಯರಿಂಗ್ ಓದದ ಐದಾರು ಜನ, ಶಾಲಾ ಗಣಿತದ ಬಲದಿಂದಲೇ, ಇದನ್ನು ಚೆನ್ನಾಗಿ ಮಾಡಬಹುದು.

ಯಾವಾಗ, ಯಾರು, ಏನೇನು ಬೇಕು

ಒಂದೇ ಭಾನುವಾರ ಸುತ್ತಾಡಿ ಮುಗಿಸುವ ಕೆಲಸ ಇದಲ್ಲ. ಕನಿಷ್ಠ ಮೂರು ಸಲ ಓಣಿಗಿಳಿಯಬೇಕು. ಮೊದಲನೆಯದು ಏಪ್ರಿಲ್–ಮೇ ತಿಂಗಳಲ್ಲಿ, ಗಟಾರಗಳ ತಳ ಕಾಣುವಾಗ. ಬಿಸಿಲಿನ ಕಾರಣ ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದು. ಎರಡನೆಯದು ಜೂನಿನ ಮೊದಲ ಜೋರು ಮಳೆಯಲ್ಲಿ, ಏಕೆಂದರೆ ಎಂಟು ತಿಂಗಳ ಕಸವನ್ನೆಲ್ಲ ತಳ್ಳಿಕೊಂಡು ಬರುವ ಆ ನೀರು ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ಬೇರೆ ಯಾವ ದಿನವೂ ಅಷ್ಟು ಸ್ಪಷ್ಟವಾಗಿ ತೋರಿಸುವುದಿಲ್ಲ. ಮೂರನೆಯದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಭೂಮಿ ನೆನೆದು ತುಂಬಿದ ಮೇಲೆ ಬರುವ ದೊಡ್ಡ ಮಳೆಯಲ್ಲಿ.

ತಂಡದಲ್ಲಿ ಓಣಿಯ ಹಳಬರೊಬ್ಬರು, ಎಲ್ಲ ಮನೆಗಳಿಗೂ ಹೋಗಿ ಬರುವ ಪರಿಚಯವುಳ್ಳ ಹೆಣ್ಣುಮಗಳೊಬ್ಬರು, ಕಾಲೇಜು ಹುಡುಗರಿಬ್ಬರು ಮತ್ತು ಸಾಧ್ಯವಾದರೆ ಒಬ್ಬ ಗೌಂಡಿ ಇರಬೇಕು. ಗೌಂಡಿಯ ಕಣ್ಣಿಗೆ ಕಾಣುವ ಇಳಿಜಾರು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಸಾಮಾನೆಂದರೆ 30 ಮೀಟರಿನ ಟೇಪು, 20 ಮೀಟರ್ ಉದ್ದದ ಪಾರದರ್ಶಕ ಲೆವೆಲ್ ಪೈಪು, ಸೆಂಟಿಮೀಟರ್ ಗುರುತು ಹಾಕಿದ ಎರಡು ಕೋಲು, ಆಯಿಲ್ ಪೇಂಟಿನ ಒಂದು ಸಣ್ಣ ಡಬ್ಬಿ, ಗಟ್ಟಿ ರಟ್ಟಿನ ನೋಟ್‌ಬುಕ್ಕು ಮತ್ತು ಮೊಬೈಲ್ ಸಾಕು.

ನಕ್ಷೆಯಲ್ಲಿ ಹಳ್ಳವನ್ನು ಹುಡುಕುವುದು

ವಾರ್ಡಿನ ಗಡಿ ಚುನಾವಣೆಗೆ ಬೇಕಾದದ್ದು. ನೀರಿಗೆ ಅದರ ಪರಿವೆ ಇಲ್ಲ. ಮೊದಲು ತಿಳಿಯಬೇಕಾದದ್ದು ನಿಮ್ಮ ಬಡಾವಣೆಗೆ ನೀರು ಎಷ್ಟು ದೂರದಿಂದ ಇಳಿದು ಬರುತ್ತದೆ, ಅಂದರೆ ಅದರ ಜಲಾನಯನದ ಗಡಿ ಎಲ್ಲಿದೆ ಎಂಬುದನ್ನು. ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಬಹುಪಾಲು ಹಿಂದೆ ತೊಗರಿ, ಜೋಳ ಬೆಳೆಯುತ್ತಿದ್ದ ಹೊಲಗಳು. ಆ ಹೊಲಗಳ ನಡುವೆ ಮಳೆಗಾಲಕ್ಕೆ ಮಾತ್ರ ಹರಿಯುತ್ತಿದ್ದ ಸಣ್ಣ ಹಳ್ಳಗಳಿದ್ದವು. ನಿವೇಶನಗಳಾದಾಗ ಎಷ್ಟೋ ಹಳ್ಳಗಳು ನಕ್ಷೆಯಲ್ಲಿ ಉಳಿದು ನೆಲದ ಮೇಲೆ ಕಾಣದಾದವು.

ಅವನ್ನು ಮರಳಿ ಪತ್ತೆ ಹಚ್ಚಲು ಮೂರು ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿರಿ. ಒಂದು, ಭೂಮಾಪನ ಇಲಾಖೆಯ ಗ್ರಾಮ ನಕ್ಷೆ. ಅದರಲ್ಲಿ ಹಳ್ಳ, ದಾರಿ, ಕೆರೆ, ಸರ್ವೆ ನಂಬರುಗಳ ಗಡಿ ಎಲ್ಲವೂ ಇರುತ್ತವೆ. ಎರಡು, ಆ ಸರ್ವೆ ನಂಬರಿನ ಪಹಣಿ. ಅದರಲ್ಲಿ ‘ಬ ಖರಾಬು’ ಎಂದು ತೋರಿಸಿದ ಜಮೀನು ಹಳ್ಳ, ರಸ್ತೆಯಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಮೂರು, ಮಂಜೂರಾದ ಬಡಾವಣೆ ನಕ್ಷೆ. ದಿಶಾಂಕ್ ಆ್ಯಪನ್ನು ಮೊಬೈಲಿನಲ್ಲಿ ತೆರೆದು ಓಣಿಯಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂಬುದು ಗೊತ್ತಾಗುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋದರೆ, ಇಂದು ಮನೆಗಳ ಸಾಲಿರುವ ಜಾಗದಲ್ಲಿ ಹಸಿರು ಪಟ್ಟಿಯೊಂದು ಅಂಕುಡೊಂಕಾಗಿ ಹಾದು ಹೋಗಿರುವುದು ಕಾಣಿಸಬಹುದು. ಬೇಸಿಗೆಯ ಚಿತ್ರದಲ್ಲಿಯೂ ಹಸಿರಾಗಿರುವ ಪಟ್ಟಿ ಬಹುಮಟ್ಟಿಗೆ ಹಳ್ಳದ ದಾರಿಯೇ. ಅದನ್ನು ನಿಮ್ಮ ನಕ್ಷೆಯ ಮೇಲೆ ನೀಲಿ ಬಣ್ಣದಲ್ಲಿ ಎಳೆದಿಟ್ಟುಕೊಳ್ಳಿರಿ.

ಇಲ್ಲೊಂದು ಎಚ್ಚರಿಕೆಯ ಮಾತು. ಹಳ್ಳದ ಮೇಲೆ ಮನೆ ಕಟ್ಟಿಕೊಂಡವರಲ್ಲಿ ಹೆಚ್ಚಿನವರು ಜೀವಮಾನದ ಗಳಿಕೆ ಸುರಿದು, ಏನೂ ತಿಳಿಯದೆ, ನಿವೇಶನ ಕೊಂಡ ಸಾಮಾನ್ಯ ಜನ. ಸಮೀಕ್ಷೆಯನ್ನು ಒತ್ತುವರಿಯ ತನಿಖೆಯಂತೆ ನಡೆಸಿದರೆ ಯಾರೂ ಬಾಗಿಲು ತೆರೆಯುವುದಿಲ್ಲ. ಹಳೆಯ ದಾರಿಯನ್ನು ನಾವು ಹುಡುಕುತ್ತಿರುವುದು ನೀರಿಗೆ ಬೇರೊಂದು ಸುರಕ್ಷಿತ ದಾರಿ ಮಾಡಿಕೊಡುವುದಕ್ಕಾಗಿ ಎಂಬುದನ್ನು ಮೊದಲ ದಿನವೇ ಎಲ್ಲರಿಗೂ ಹೇಳಬೇಕು.

ಹಿರಿಯರ ನೆನಪು

ನಕ್ಷೆ ಹೇಳದ್ದನ್ನು ಹಿರಿಯರು ಹೇಳುತ್ತಾರೆ. ಆದರೆ ‘ಇಲ್ಲಿ ನೀರು ಬರುತ್ತದೆಯೇ’ ಎಂದು ಕೇಳಿದರೆ ‘ಹೌದ್ರಿ, ಭಾಳ ಬರ್ತದ’ ಎಂಬಷ್ಟೇ ಉತ್ತರ ಸಿಗುತ್ತದೆ. ನೆನಪಿಗೆ ಒಂದು ಗೂಟ ಬೇಕು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಹರಿದ ವಾರ ನಮ್ಮ ಕಡೆ ಎಲ್ಲರಿಗೂ ನೆನಪಿದೆ. ಅದನ್ನೇ ಹಿಡಿದು ಕೇಳಬಹುದು. ಮನೆಯ ಮದುವೆ, ಹಬ್ಬ, ಮಗುವಿನ ಹುಟ್ಟು ಇವೂ ಒಳ್ಳೆಯ ಗೂಟಗಳೇ.

ಸೇಡಂ ರಸ್ತೆಯ ಕಡೆಯ ನಮ್ಮ ಬಡಾವಣೆಯಲ್ಲಿ ಮೊದಲ ಸಮೀಕ್ಷೆಗೆ ಹೊರಟ ದಿನ ಮೂಲೆಮನೆಯ ಹಿರಿಯರೊಬ್ಬರನ್ನು, ‘ಮುತ್ಯಾ, ಆ ಸಲ ನೀರು ಎಲ್ಲಿ ತನಕ ಬಂದಿತ್ತು?’ ಎಂದು ಕೇಳಿದೆವು. ಅವರು ಬಾಯಿಂದ ಹೇಳಲಿಲ್ಲ. ಕೋಲೂರಿಕೊಂಡು ಎದ್ದು ಬಂದು, ಕಟ್ಟೆಯ ಪಕ್ಕದ ಗೋಡೆಯ ಮೇಲೆ ಬೆರಳಿಟ್ಟು, ‘ಇಲ್ಲಿ ತನಕ ನೋಡಪ್ಪ. ಎರಡನೇ ಮೆಟ್ಟಲ ಮುಳುಗಿತ್ತು, ಮೂರನೇದು ಮುಳುಗಲಿಲ್ಲ. ಜ್ವಾಳದ ಚೀಲ ಮ್ಯಾಲ ಇಟ್ಟಿದ್ದೆವು’ ಎಂದರು. ಬೆರಳಿಟ್ಟ ಜಾಗದಲ್ಲಿ ಬಣ್ಣ ಉಬ್ಬಿ ಸಿಪ್ಪೆಯೆದ್ದು, ಅದರ ಕೆಳಗೆ ಉಪ್ಪಿನಂಥ ಬಿಳಿ ಪೊರೆ ಉದ್ದಕ್ಕೆ ಗೆರೆಯಾಗಿ ನಿಂತಿತ್ತು. ನೆಲದಿಂದ ಅಳೆದಾಗ 41 ಸೆಂಟಿಮೀಟರ್. ಆ ಗೆರೆಯನ್ನು ಗುರುತು ಹಿಡಿದು ನಡೆದೆವು. ಮುಂದಿನ ಏಳು ಮನೆಗಳ ಗೋಡೆಗಳಲ್ಲೂ ಅದೇ ಬಿಳಿ ಪೊರೆ, ಒಂದೊಂದು ಮನೆಗೆ ಸ್ವಲ್ಪ ಸ್ವಲ್ಪ ಎತ್ತರವಾಗುತ್ತ ಹೋಗಿತ್ತು. ಓಣಿ ಯಾವ ದಿಕ್ಕಿಗೆ ತಗ್ಗು ಎಂಬುದು ಪೈಪು ಹಿಡಿಯುವ ಮೊದಲೇ ತಿಳಿದುಹೋಯಿತು.

ಪ್ರತಿ ಮನೆಯಲ್ಲೂ ಐದು ಸಂಗತಿ ಬರೆದುಕೊಳ್ಳಿರಿ: ನೀರು ಎಷ್ಟು ಎತ್ತರ ಬಂದಿತ್ತು, ಯಾವ ದಿಕ್ಕಿನಿಂದ ಬಂತು, ಮಳೆ ಶುರುವಾಗಿ ಎಷ್ಟು ಹೊತ್ತಿಗೆ ಬಂತು, ಇಳಿಯಲು ಎಷ್ಟು ಹೊತ್ತು ಹಿಡಿಯಿತು, ನೀರು ಕೆಂಪಾಗಿತ್ತೋ ಕಪ್ಪಾಗಿ ನಾರುತ್ತಿತ್ತೋ. ಕೊನೆಯದು ಸಣ್ಣ ಪ್ರಶ್ನೆಯಂತೆ ಕಂಡರೂ ಮಳೆನೀರಿನ ಜತೆ ಒಳಚರಂಡಿಯ ನೀರು ಉಕ್ಕುತ್ತಿದೆಯೇ ಎಂಬುದನ್ನು ಅದೇ ಬಿಡಿಸಿ ಹೇಳುತ್ತದೆ.

ಕಾಲ್ನಡಿಗೆಯ ದಾಖಲಾತಿ

ಈಗ ನೀರು ಹೊರಹೋಗುವ ಬಾಯಿಗೆ ಹೋಗಿರಿ. ಅದು ಒಂದು ಮೋರಿಯಾಗಿರಬಹುದು, ದೊಡ್ಡ ನಾಲಾಕ್ಕೆ ಕೂಡುವ ಜಾಗವಾಗಿರಬಹುದು, ರಿಂಗ್ ರೋಡಿನ ಕೆಳಗಿನ ಪೈಪಾಗಿರಬಹುದು. ಅಲ್ಲಿಗೆ ನಿಲ್ಲದೆ ಇನ್ನೂ ಅರ್ಧ ಕಿಲೋಮೀಟರ್ ಕೆಳಕ್ಕೆ ನಡೆದು ನೋಡುವುದು ಅಗತ್ಯ. ನಮ್ಮ ಓಣಿಯ ನೀರು ಬೇಗ ಇಳಿಯಲೆಂದು ಮಾಡಿದ ಕೆಲಸ ಕೆಳಗಿನ ತಗಡಿನ ಮನೆಗಳವರ ಒಲೆ ಆರಿಸಬಾರದು. ಆ ಮನೆಗಳವರನ್ನೂ ಸಮೀಕ್ಷೆಯಲ್ಲಿ ಸೇರಿಸಿಕೊಳ್ಳದಿದ್ದರೆ ಯೋಜನೆ ಅರ್ಧವೇ.

ಅಲ್ಲಿಂದ ಮೇಲಕ್ಕೆ ಬರುತ್ತ ಪ್ರತಿ ಗಟಾರಕ್ಕೂ ಒಂದು ಸಂಖ್ಯೆ ಕೊಡಿರಿ. ಪ್ರತಿ 20 ಮೀಟರಿಗೆ ಒಮ್ಮೆ ನಿಂತು ಅಗಲ, ಆಳ, ಹೂಳಿನ ದಪ್ಪ ಬರೆಯಿರಿ. ಹೂಳನ್ನು ಅಳೆಯುವುದು ಸುಲಭ: ಕೋಲನ್ನು ಮೆಲ್ಲಗೆ ಇಳಿಸಿ ಹೂಳಿನ ಮೇಲ್ಮೈ ತಾಗಿದಾಗ ಒಂದು ಗುರುತು, ಒತ್ತಿ ಗಟ್ಟಿ ತಳ ತಾಗಿದಾಗ ಇನ್ನೊಂದು ಗುರುತು, ಎರಡರ ಅಂತರವೇ ಹೂಳು. ಗಟಾರದೊಳಕ್ಕೆ ಯಾರೂ ಇಳಿಯಕೂಡದು, ಒಳಚರಂಡಿಯ ಚೇಂಬರಿನ ಮುಚ್ಚಳವನ್ನು ತೆರೆಯಲೂಕೂಡದು. ಒಳಗಿನ ವಿಷಾನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಅಲ್ಲಿಗೆ ಇಳಿಸುವುದನ್ನು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆ ಅಪರಾಧವೆಂದು ಸಾರಿದೆ.

ಅಡ್ಡಿಗಳನ್ನು ಬೇರೆಯಾಗಿಯೇ ಗುರುತಿಸಬೇಕು. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ನಾಲ್ಕು. ಗಟಾರದ ನಡುವೆ ಅಡ್ಡ ಹಾಯಿಸಿದ ಕುಡಿಯುವ ನೀರಿನ ಪೈಪು. ಇದು ಪ್ಲಾಸ್ಟಿಕ್ ಚೀಲಗಳನ್ನು ಹಿಡಿದಿಟ್ಟುಕೊಂಡು ಒಂದೇ ಮಳೆಗೆ ಒಡ್ಡಾಗುತ್ತದೆ. ಬೈಕು ಹತ್ತಿಸಲು ಮನೆಯ ಮುಂದೆ ಕಟ್ಟಿಕೊಂಡ ಇಳಿಜಾರು; ಅದರ ಕೆಳಗಿನ ಪೈಪು ಗಟಾರದ ಅಗಲದ ಅರ್ಧವೂ ಇರುವುದಿಲ್ಲ. ಗಟಾರದೊಳಗೇ ನಿಂತ ಕರೆಂಟಿನ ಕಂಬ. ಕೊನೆಯದಾಗಿ ಮೇಲೆ ಹಾಸಿದ ಶಹಾಬಾದ್ ಫರಸಿ: ಕಲ್ಲು ಒಳ್ಳೆಯದೇ, ಕಾಲಿಗೆ ಸುರಕ್ಷೆಯೇ, ಆದರೆ ಸಿಮೆಂಟಿನಿಂದ ಬಿಗಿದ ಫರಸಿಯ ಕೆಳಗೆ ಏನು ತುಂಬಿದೆ ಎಂಬುದು ಯಾರಿಗೂ ಕಾಣುವುದಿಲ್ಲ ಮತ್ತು ರಸ್ತೆಯ ನೀರು ಒಳಗಿಳಿಯಲು ಸಂದೂ ಇರುವುದಿಲ್ಲ. ಎಷ್ಟು ಮೀಟರಿಗೊಮ್ಮೆ ಎತ್ತಬಲ್ಲ ಕಲ್ಲಿದೆ, ಎಲ್ಲಿ ಬಾಯಿ ಇದೆ ಎಂಬುದನ್ನು ಬರೆದುಕೊಳ್ಳಿರಿ.

ಇದೇ ನಡಿಗೆಯಲ್ಲಿ ಪ್ರತಿ ಮನೆಯ ಹೊಸ್ತಿಲು ರಸ್ತೆಗಿಂತ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅಳೆಯಿರಿ. ಹಳೆಯ ಡಾಂಬರನ್ನು ಕೆರೆಯದೆ ಮೇಲೆ ಮೇಲೆ ಹೊಸ ಪದರ ಹಾಕಿದ ಓಣಿಗಳಲ್ಲಿ ಇಪ್ಪತ್ತು ವರ್ಷದ ಹಿಂದಿನ ಮನೆಗಳು ರಸ್ತೆಗಿಂತ ತಗ್ಗಾಗಿಬಿಟ್ಟಿರುತ್ತವೆ. 15 ಸೆಂಟಿಮೀಟರಿಗಿಂತ ಕಡಿಮೆ ಎತ್ತರದ ಹೊಸ್ತಿಲುಗಳ ಪಟ್ಟಿ ಮಾಡಿ, ಅವುಗಳಲ್ಲಿ ಹಾಸಿಗೆ ಹಿಡಿದ ವೃದ್ಧರು, ಬಾಣಂತಿಯರು ಇದ್ದಾರೆಯೇ, ಅಂಗನವಾಡಿ ಇದೆಯೇ, ಹತ್ತಿರ ಟ್ರಾನ್ಸ್‌ಫಾರ್ಮರ್ ಇದೆಯೇ ಎಂದು ಟಿಪ್ಪಣಿ ಬರೆಯಿರಿ. ಯಾವ ಕೆಲಸ ಮೊದಲು ಎಂಬ ಪ್ರಶ್ನೆ ಬಂದಾಗ ಈ ಪಟ್ಟಿಯೇ ಉತ್ತರ.

ಲೆವೆಲ್ ಪೈಪಿನಿಂದ ಏರಿಳಿತ

ನಮ್ಮದು ದಖ್ಖಣದ ಸಮತಟ್ಟು ನೆಲ. ಕಣ್ಣಿಗೆ ಸಪಾಟಾಗಿ ಕಾಣುವ ಓಣಿಯಲ್ಲೂ ನೀರಿಗೆ ದಿಕ್ಕಿರುತ್ತದೆ, ಆದರೆ ಅದು ಬೆರಳೆಣಿಕೆಯ ಸೆಂಟಿಮೀಟರುಗಳ ಆಟ. ಮೊಬೈಲಿನ ಎತ್ತರದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದರ ತಪ್ಪೇ ಕೆಲವು ಮೀಟರಿನಷ್ಟಾಗಬಹುದು. ಗೌಂಡಿಗಳು ಅಡಿಪಾಯಕ್ಕೆ ಹಿಡಿಯುವ ಪೈಪು ಇದಕ್ಕಿಂತ ಎಷ್ಟೋ ನಂಬಿಕೆಯದು.

ಪೈಪಿಗೆ ನೀರು ತುಂಬುವಾಗ ಒಂದು ಚಿಟಿಕೆ ನೀಲಿ ಕಲಸಿಕೊಂಡರೆ ಗೆರೆ ಚೆನ್ನಾಗಿ ಕಾಣುತ್ತದೆ. ಒಳಗೆ ಒಂದೇ ಒಂದು ಗುಳ್ಳೆಯೂ ಉಳಿಯಬಾರದು. ಎರಡೂ ತುದಿಗಳನ್ನು ಅಕ್ಕಪಕ್ಕ ಹಿಡಿದಾಗ ನೀರು ಒಂದೇ ಮಟ್ಟದಲ್ಲಿ ನಿಲ್ಲಬೇಕು. ಒಬ್ಬರು ಆರಂಭದ ಬಿಂದುವಿನಲ್ಲಿ, ಇನ್ನೊಬ್ಬರು 15 ಮೀಟರ್ ಮುಂದೆ, ಕೋಲಿಗೆ ಪೈಪನ್ನು ಒತ್ತಿ ನಿಲ್ಲುತ್ತಾರೆ. ಹೆಬ್ಬೆರಳು ತೆಗೆದು ನೀರಿನ ಓಲಾಟ ನಿಂತ ಮೇಲೆ ಇಬ್ಬರೂ ನೆಲದಿಂದ ನೀರಿನ ಗೆರೆಯವರೆಗಿನ ಎತ್ತರವನ್ನು ಗಟ್ಟಿಯಾಗಿ ಓದುತ್ತಾರೆ. ಇಲ್ಲಿ 92, ಅಲ್ಲಿ 104 ಬಂದರೆ ಆ ಬಿಂದು 12 ಸೆಂಟಿಮೀಟರ್ ತಗ್ಗಿನಲ್ಲಿದೆ. ಅಂದರೆ 125 ಮೀಟರಿಗೆ ಒಂದು ಮೀಟರ್ ಇಳಿಜಾರು. ಹಿಂದಿನವರು ಮುಂದೆ ಬಂದು ಇದನ್ನೇ ಮುಂದುವರಿಸಬೇಕು. ಓಣಿಯ ತುದಿ ಮುಟ್ಟಿ, ಬೇರೆ ದಾರಿಯಿಂದ ಅಳೆಯುತ್ತ ಹೊರಟ ಬಿಂದುವಿಗೇ ಮರಳಿದಾಗ ಏರಿಳಿತಗಳ ಒಟ್ಟು ಮೊತ್ತ ಸೊನ್ನೆಯಾಗಬೇಕು. ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಉಳಿದರೆ ಎಲ್ಲೋ ತಪ್ಪಾಗಿದೆ; ಬೇಸರಪಡದೆ ಮತ್ತೆ ಅಳೆಯಿರಿ.

ರಸ್ತೆಯ ಮಟ್ಟ ಮತ್ತು ಗಟಾರದ ತಳದ ಮಟ್ಟ ಎರಡನ್ನೂ ಅಳೆಯಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಮೂರನೆಯ ಅಡ್ಡ ಓಣಿಯಲ್ಲಿ ರಸ್ತೆ 180 ಮೀಟರಿಗೆ 40 ಸೆಂಟಿಮೀಟರ್ ಇಳಿದಿತ್ತು, ಆದ್ದರಿಂದ ಪಕ್ಕದ ಹೊಸ ಗಟಾರವೂ ಹಾಗೆಯೇ ಇಳಿದಿರಬೇಕೆಂದು ನಾವೆಲ್ಲ ನಂಬಿದ್ದೆವು. ಕೋಲನ್ನು ತಳಕ್ಕೆ ಇಳಿಸಿ ಓದಿದಾಗ, ನಡುವಿನ ಎರಡು ಮನೆಗಳ ಮುಂದೆ ತಳ 8 ಸೆಂಟಿಮೀಟರ್ ಮೇಲಕ್ಕೆದ್ದಿರುವುದು ಗೊತ್ತಾಯಿತು. ಕಟ್ಟುವಾಗ ಗಟ್ಟಿ ಕಲ್ಲು ಬಂದಲ್ಲಿ ಅಗೆಯದೆ ಹಾಗೆಯೇ ಕಾಂಕ್ರೀಟ್ ಹಾಕಿದ್ದರು. ವರ್ಷಗಟ್ಟಲೆ ಹೂಳೆತ್ತಿದರೂ ಆ ಎರಡು ಮನೆಗಳ ಮೇಲ್ಗಡೆ ಬಚ್ಚಲ ನೀರು ನಿಂತು ಸೊಳ್ಳೆ ಕಟ್ಟುತ್ತಿದ್ದುದರ ಗುಟ್ಟು ಅದಾಗಿತ್ತು. ಎಂಟು ಸೆಂಟಿಮೀಟರ್ ಎಂದರೆ ಅಂಗೈಯ ಅಗಲ.

ಮಣ್ಣು ಎಷ್ಟು ಕುಡಿಯುತ್ತದೆ

ಇಂಗುಗುಂಡಿಯ ಮಾತು ಎಲ್ಲೆಡೆ ಕೇಳಿಬರುತ್ತದೆ, ಆದರೆ ನಮ್ಮ ಎರೆಮಣ್ಣಿನ ಸ್ವಭಾವ ತಿಳಿಯದೆ ಅದನ್ನು ಮಾಡಿಸಬಾರದು. ಬೇಸಿಗೆಯಲ್ಲಿ ಎರೆಭೂಮಿ ಅಂಗೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ಮೊದಲ ಮಳೆಯ ನೀರನ್ನು ಗಟಗಟ ಕುಡಿಯುತ್ತದೆ. ನೆನೆದ ಮೇಲೆ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಂಡು, ಗಂಟೆಗೆ ಕೆಲವೇ ಮಿಲಿಮೀಟರ್ ನೀರನ್ನು ಒಳಗೆ ಬಿಡುತ್ತದೆ. ದೊಡ್ಡ ಮಳೆಗಳು ಬರುವುದು ಆಗಲೇ.

ಪರೀಕ್ಷೆಗೆ ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ, ಹಿಂದಿನ ದಿನವೇ ನೀರು ತುಂಬಿ, ಇಂಗಿದಂತೆಲ್ಲ ಮತ್ತೆ ತುಂಬುತ್ತ ಮಣ್ಣನ್ನು ಪೂರ್ತಿ ನೆನೆಸಿರಿ. ಮರುದಿನ 15 ಸೆಂಟಿಮೀಟರ್ ನೀರು ಹಾಕಿ ಅರ್ಧ ಗಂಟೆಗೊಮ್ಮೆ ಎಷ್ಟು ಇಳಿಯಿತೆಂದು ನೋಡಿರಿ. ಗಂಟೆಗೆ ಒಂದು ಸೆಂಟಿಮೀಟರಿಗಿಂತ ಕಡಿಮೆಯಾದರೆ ಅಲ್ಲಿ ಇಂಗುಗುಂಡಿಯನ್ನು ನೆಚ್ಚಿಕೊಳ್ಳಬೇಡಿರಿ. ಅಡಿಪಾಯದ ಪಕ್ಕದಲ್ಲಂತೂ ಬೇಡವೇ ಬೇಡ, ಉಬ್ಬುವ ಮಣ್ಣು ಗೋಡೆಯನ್ನು ಸೀಳುತ್ತದೆ. ಅಂಥ ಕಡೆ ತೊಟ್ಟಿಯಲ್ಲಿ ಹಿಡಿದಿಡುವುದು ಅಥವಾ ಮೆಲ್ಲಗೆ ಹೊರಸಾಗಿಸುವುದೇ ದಾರಿ.

ಬೀದರಿನಲ್ಲಿ ಸಂಗತಿ ಬೇರೆ. ಅಲ್ಲಿಯ ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿ ನೀರನ್ನು ಬೇಗ ಇಂಗಿಸುತ್ತದೆ. ಬಹಮನಿ ಕಾಲದಲ್ಲಿ ನೌಬಾದ್ ಕಡೆ ನೆಲದಡಿ ಕೊರೆದ ಕಾರೇಜ್ ಎಂಬ ನೀರಿನ ಸುರಂಗಗಳು ಆ ಗುಣವನ್ನು ಬಳಸಿಕೊಂಡೇ ಹುಟ್ಟಿದವು. ಅಲ್ಲಿ ಸಮೀಕ್ಷೆ ಮಾಡುವವರು ಕಾರೇಜಿನ ಗಾಳಿಬಾವಿಗಳನ್ನು ನಕ್ಷೆಯಲ್ಲಿ ಮೊದಲು ಗುರುತಿಸಿ, ರಸ್ತೆಯ ಕೊಳೆನೀರು ಅವುಗಳ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು. ಯಾದಗಿರಿಯಲ್ಲಿ ಕೋಟೆ ಬೆಟ್ಟದ ಬರಿಬಂಡೆಯಿಂದ ಇಳಿಯುವ ನೀರು ಬುಡದ ಓಣಿಗಳಿಗೆ ನಿಮಿಷಗಳಲ್ಲೇ ಬಂದು ಮುಟ್ಟುವುದರಿಂದ ವೇಗವೇ ಅಲ್ಲಿಯ ಮುಖ್ಯ ಪ್ರಶ್ನೆ.

ಮಳೆ ಸುರಿಯುವಾಗ

ತಾರಸಿಯ ಮೇಲೆ, ಗೋಡೆ, ಮರಗಳಿಂದ ದೂರದಲ್ಲಿ, ನೆಟ್ಟಗಿನ ಬದಿಯುಳ್ಳ ಒಂದು ಡಬ್ಬಿ ಇಟ್ಟರೆ ಅದೇ ಮಳೆಮಾಪಕ. ಒಳಗೆ ನಿಂತ ನೀರನ್ನು ಸ್ಕೇಲಿನಿಂದ ಅಳೆದರೆ ಅಷ್ಟು ಮಿಲಿಮೀಟರ್ ಮಳೆ. ಪ್ರತಿ 15 ನಿಮಿಷಕ್ಕೊಮ್ಮೆ ಓದಿ ಬರೆಯುವುದು ಮುಖ್ಯ. ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆ ಅದನ್ನು ಭಾರಿ ಮಳೆ ಎನ್ನುತ್ತದೆ, ಆದರೆ ಗಟಾರಕ್ಕೆ ದಿನದ ಲೆಕ್ಕ ಸಾಲದು: ಅಷ್ಟೇ ಮಳೆ ಇಡೀ ದಿನ ಬಂದರೆ ತಡೆದುಕೊಳ್ಳುವ ಗಟಾರ ಒಂದೇ ಗಂಟೆಯಲ್ಲಿ ಬಂದರೆ ತಡೆಯುವುದಿಲ್ಲ. ನಿಮ್ಮ ಅಳತೆಯನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹತ್ತಿರದ ಮಾಪಕದ ಅಂಕಿಯೊಂದಿಗೆ ತಾಳೆ ನೋಡಬಹುದು.

ಮೊದಲೇ ಗೊತ್ತುಮಾಡಿದ ಎಂಟು ಹತ್ತು ಜಾಗಗಳಲ್ಲಿ ಇಬ್ಬಿಬ್ಬರು ನಿಂತು, ಅದೇ ಕೋನದಿಂದ, ಗಡಿಯಾರದ ಸಮಯದೊಂದಿಗೆ ಫೋಟೊ ತೆಗೆಯಿರಿ. ನೀರು ಗಟಾರ ತುಂಬಿದ್ದು ಯಾವಾಗ, ರಸ್ತೆಗೇರಿದ್ದು ಯಾವಾಗ, ಹೊಸ್ತಿಲು ಮುಟ್ಟಿದ್ದು ಯಾವಾಗ ಎಂದು ಬರೆಯಿರಿ. ಗಟಾರ ಬರಿದಾಗಿದ್ದಾಗಲೇ ರಸ್ತೆಯಲ್ಲಿ ನೀರು ನಿಂತಿದ್ದರೆ ತೊಡಕು ಗಟಾರದೊಳಕ್ಕೆ ನೀರು ಇಳಿಯುವ ಬಾಯಿಗಳದ್ದು. ಗಟಾರ ತುಂಬಿ ಉಕ್ಕಿದರೆ ತೊಡಕು ಅದರ ಅಳತೆಯದ್ದೋ ಕೆಳಗಿನ ಮೋರಿಯದ್ದೋ.

ವೇಗ ತಿಳಿಯಲು ಒಂದು ಗೇಣು ಉದ್ದದ ಜೋಳದ ದಂಟಿನ ತುಂಡು ಸಾಕು; ಹಗುರ, ಚೆನ್ನಾಗಿ ತೇಲುತ್ತದೆ, ಕಳೆದುಹೋದರೂ ಕಸವಲ್ಲ. ನೇರವಾಗಿರುವ 10 ಮೀಟರ್ ಗಟಾರದ ಮೇಲ್ತುದಿಯಲ್ಲಿ ಬಿಟ್ಟು ಎಷ್ಟು ಸೆಕೆಂಡಿಗೆ ಕೆಳಗೆ ಬಂತೆಂದು ಮೂರು ಸಲ ನೋಡಿ ಸರಾಸರಿ ತೆಗೆಯಿರಿ. 12 ಸೆಕೆಂಡ್ ಆದರೆ ಮೇಲ್ಮೈಯ ವೇಗ ಸೆಕೆಂಡಿಗೆ 0.83 ಮೀಟರ್. ತಳ ಮತ್ತು ಬದಿಗಳಲ್ಲಿ ನೀರು ನಿಧಾನವಾಗುವುದರಿಂದ 0.85ರಿಂದ ಗುಣಿಸಿದರೆ ಸುಮಾರು 0.7. ಅಗಲ 0.6 ಮೀಟರ್, ನೀರಿನ ಆಳ 0.4 ಮೀಟರ್ ಇದ್ದರೆ ಹರಿವು ಸೆಕೆಂಡಿಗೆ 0.17 ಘನ ಮೀಟರ್, ಅಂದರೆ 170 ಲೀಟರ್.

ಮಕ್ಕಳನ್ನು ಈ ಕೆಲಸಕ್ಕೆ ಕರೆತರಬೇಡಿರಿ. ಮಿಂಚುತ್ತಿದ್ದರೆ ಹೊರಗೆ ಹೋಗಬೇಡಿರಿ, ಕರೆಂಟಿನ ಕಂಬ ಮುಟ್ಟಬೇಡಿರಿ, ಮೊಣಕಾಲಿಗೆ ಬರುವ ಹರಿವಿನಲ್ಲಿ ಇಳಿಯಬೇಡಿರಿ. ನೀರು ಬೇಗ ಇಳಿಯಲೆಂದು ಯಾರಾದರೂ ಚೇಂಬರಿನ ಮುಚ್ಚಳ ಎತ್ತಿದ್ದರೆ ಅಲ್ಲಿ ಕೂಡಲೇ ಕೆಂಪು ಬಟ್ಟೆ ಕಟ್ಟಿದ ಕೋಲು ನಿಲ್ಲಿಸಿ, ಮಳೆ ನಿಲ್ಲುವವರೆಗೆ ಒಬ್ಬರು ಅಲ್ಲೇ ಕಾಯಬೇಕು.

ಲೆಕ್ಕ

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಉಳಿದ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ. ಉಪಗ್ರಹ ನಕ್ಷೆಯಲ್ಲಿ ಜಲಾನಯನದ ಗಡಿ ಎಳೆದರೆ ವಿಸ್ತೀರ್ಣ ತಾನಾಗಿ ಸಿಗುತ್ತದೆ. ಉದಾಹರಣೆಗೆ 4 ಹೆಕ್ಟೇರ್, ಸುಮಾರು 200 ಮನೆ ಎಂದುಕೊಳ್ಳೋಣ. ತಾರಸಿ, ಡಾಂಬರು, ಫರಸಿ ಹೆಚ್ಚಿರುವ ಇಂಥ ಕಡೆ ಬಿದ್ದ ಮಳೆಯಲ್ಲಿ ನೂರಕ್ಕೆ 80 ಭಾಗ ಹರಿದುಹೋಗುತ್ತದೆಂದು ಹಿಡಿಯಬಹುದು. ಇದೇ ನೆಲ ಹೊಲವಾಗಿದ್ದಾಗ ಅದು ಇದರ ಅರ್ಧಕ್ಕಿಂತ ಹೆಚ್ಚಿರಲಿಕ್ಕಿಲ್ಲ. ಗಂಟೆಗೆ 50 ಮಿಲಿಮೀಟರ್ ಮಳೆ ಬಂದರೆ, 0.8 ಗುಣಿಸು 50 ಗುಣಿಸು 4, ಬಂದದ್ದನ್ನು 360ರಿಂದ ಭಾಗಿಸಿದರೆ ಸೆಕೆಂಡಿಗೆ 0.44 ಘನ ಮೀಟರ್.

ಈಗ ಗಟಾರವನ್ನು ನೋಡಿರಿ. 60 ಸೆಂಟಿಮೀಟರ್ ಅಗಲ, 75 ಆಳ, 500 ಮೀಟರಿಗೆ ಒಂದು ಮೀಟರ್ ಇಳಿಜಾರಿನ ಕಾಂಕ್ರೀಟ್ ಗಟಾರ ತುಂಬಿ ಹರಿದಾಗ ಸೆಕೆಂಡಿಗೆ ಸುಮಾರು 0.4 ಘನ ಮೀಟರ್ ಸಾಗಿಸುತ್ತದೆ. ಸ್ವಲ್ಪ ಕಡಿಮೆ ಬಿತ್ತು, ಅಷ್ಟೇ. ಆದರೆ ಅರ್ಧ ಆಳಕ್ಕೆ ಹೂಳು ತುಂಬಿದ್ದರೆ ಅದೇ ಗಟಾರ ಸಾಗಿಸುವುದು 0.17 ಮಾತ್ರ, ಏಕೆಂದರೆ ಜಾಗದ ಜೊತೆಗೆ ವೇಗವೂ ಕುಗ್ಗುತ್ತದೆ. ಹೊಸ ಗಟಾರ ಕೇಳುವ ಮೊದಲು ಇದ್ದದ್ದರ ಹೂಳೆತ್ತಿಸಿದರೆ ಎರಡು ಪಟ್ಟಿಗಿಂತ ಹೆಚ್ಚು ಲಾಭ ಎಂಬುದನ್ನು ಈ ಎರಡು ಅಂಕಿಗಳು ಯಾರಿಗಾದರೂ ಮನದಟ್ಟು ಮಾಡುತ್ತವೆ.

ಇನ್ನೊಂದು ಲೆಕ್ಕವೂ ಇದೆ. ಆ ಒಂದು ಗಂಟೆಯಲ್ಲಿ ಹರಿದುಬರುವ ಒಟ್ಟು ನೀರು 16 ಲಕ್ಷ ಲೀಟರ್. 30–40ರ ನಿವೇಶನದಲ್ಲಿ ಕಟ್ಟಿದ ಮನೆಯೊಂದರ ತಾರಸಿಯಿಂದಲೇ ನಾಲ್ಕೂವರೆ ಸಾವಿರ ಲೀಟರಿನಷ್ಟು ಇಳಿಯುತ್ತದೆ, ಹೆಚ್ಚುಕಡಿಮೆ ಒಂದು ಟ್ಯಾಂಕರ್. 200 ಮನೆಯವರೂ ತಲಾ 2,000 ಲೀಟರ್ ಹಿಡಿದಿಟ್ಟರೆ 4 ಲಕ್ಷ ಲೀಟರ್, ಅಂದರೆ ಓಣಿಗೆ ಬರುವ ನೀರಿನ ಕಾಲು ಭಾಗ ಓಣಿಗಿಳಿಯುವುದೇ ಇಲ್ಲ. ಬೇಸಿಗೆಯಲ್ಲಿ ಹಣ ಕೊಟ್ಟು ತರಿಸುವ ನೀರನ್ನೇ ನಾವು ಹಸ್ತ ಮಳೆಯಲ್ಲಿ ಪಕ್ಕದವರ ಮನೆಗೆ ನುಗ್ಗಿಸುತ್ತಿದ್ದೇವೆ ಎಂಬ ಸಂಕಟ ನನಗೆ ಈ ಲೆಕ್ಕ ಮಾಡಿದ ದಿನದಿಂದ ಬಿಟ್ಟಿಲ್ಲ.

ಯೋಜನೆ ಮತ್ತು ಅರ್ಜಿ

ಕೆಲಸಗಳನ್ನು ಮೂರು ಗುಂಪಾಗಿ ವಿಂಗಡಿಸಿರಿ. ಓಣಿಯವರೇ ಮಾಡಬಹುದಾದದ್ದು: ಇಳಿಜಾರಿನ ಕೆಳಗಿನ ಪೈಪು ಬದಲಿಸುವುದು, ತಾರಸಿಯ ನೀರನ್ನು ತೊಟ್ಟಿಗೆ ತಿರುಗಿಸುವುದು, ಒಳಚರಂಡಿಯ ಚೇಂಬರಿಗೆ ಜೋಡಿಸಿದ ತಾರಸಿ ಪೈಪನ್ನು ಬಿಡಿಸುವುದು. ಮಳೆಗೆ ಮುಂಚೆ ಪಾಲಿಕೆ ಮಾಡಬೇಕಾದದ್ದು: ಹೂಳು, ಅಡ್ಡಪೈಪು, ಬಾಯಿಗಳ ಜಾಳಿಗೆ. ಹಣ ಮತ್ತು ವಿನ್ಯಾಸ ಬೇಕಾದದ್ದು: ಮೋರಿಯ ಅಗಲೀಕರಣ, ತಳದ ಮಟ್ಟ ಸರಿಪಡಿಸುವುದು, ಉದ್ಯಾನದ ಒಂದು ಮೂಲೆಯನ್ನು ಮೊಣಕಾಲಾಳ ತಗ್ಗಿಸಿ ಮಳೆಯ ಗಂಟೆಯಲ್ಲಿ ನೀರು ತಂಗುವಂತೆ ಮಾಡುವುದು. ಊರ ನಡುವಿನ ಶರಣಬಸವೇಶ್ವರ ಕೆರೆ ದೊಡ್ಡ ಪ್ರಮಾಣದಲ್ಲಿ ಮಾಡುವುದನ್ನೇ ಈ ಮೂಲೆ ಓಣಿಯ ಅಳತೆಯಲ್ಲಿ ಮಾಡುತ್ತದೆ. ಕೆಳಗಿನ ಬಾಯಿ ಸರಿಯಾಗದೆ ಮೇಲಿನ ಗಟಾರ ದೊಡ್ಡದು ಮಾಡಿಸಬೇಡಿರಿ.

ಅರ್ಜಿ ಒಂದೇ ಪುಟ ಇರಲಿ. ಅದರ ಜತೆ ಒಂದು ನಕ್ಷೆ, ಅಳತೆಗಳ ಪಟ್ಟಿ, ಸಮಯ ಸಹಿತ ಆರು ಫೋಟೊ. ‘ಸಮಸ್ಯೆ ಬಗೆಹರಿಸಿ’ ಎಂದು ಬರೆಯುವ ಬದಲು ‘ಗಟಾರ ಸಂಖ್ಯೆ 7ರಲ್ಲಿ 60ರಿಂದ 80ನೆಯ ಮೀಟರಿನ ನಡುವೆ ತಳ 8 ಸೆಂಟಿಮೀಟರ್ ಎತ್ತರವಿದೆ’ ಎಂದು ಬರೆದರೆ ಎಂಜಿನಿಯರರು ಬಂದು ನೋಡುತ್ತಾರೆ. ನಮ್ಮಲ್ಲಿ ಹಾಗೆಯೇ ಆಯಿತು, ಕಿರಿಯ ಎಂಜಿನಿಯರರು ತಮ್ಮದೇ ಉಪಕರಣ ತಂದು ಅಳೆದು ನಮ್ಮ ಅಂಕಿಯನ್ನು ಒಪ್ಪಿದರು. ಬಡಾವಣೆ ಪಾಲಿಕೆಗೆ ಹಸ್ತಾಂತರವಾಗಿದೆಯೋ ಇನ್ನೂ ನಗರಾಭಿವೃದ್ಧಿ ಪ್ರಾಧಿಕಾರದ್ದೋ ಖಾಸಗಿಯವರದ್ದೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿರಿ. ಇಲ್ಲವಾದರೆ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಹಳೆಯ ಗಟಾರದ ವಿನ್ಯಾಸ, ಅಂದಾಜುಪಟ್ಟಿ ಬೇಕಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಹಣಕಾಸು ವರ್ಷ ಏಪ್ರಿಲ್ಲಿಗೆ ಆರಂಭವಾಗುವುದರಿಂದ ದೊಡ್ಡ ಕೆಲಸಗಳ ಕೋರಿಕೆ ಡಿಸೆಂಬರಿನೊಳಗೆ, ಹೂಳೆತ್ತುವ ಕೋರಿಕೆ ಮಾರ್ಚಿನೊಳಗೆ ತಲುಪಬೇಕು.

ಕೆಲಸ ಮುಗಿದ ಮೇಲೆ ಪೈಪು ಹಿಡಿದು ಅವೇ ಬಿಂದುಗಳನ್ನು ಮತ್ತೆ ಅಳೆಯಿರಿ. ಬಿಲ್ ಆಗುವ ಮೊದಲೇ ಅಳೆದರೆ ಇನ್ನೂ ಒಳ್ಳೆಯದು. ಸಮೀಕ್ಷೆಯಲ್ಲಿ ಸಿಕ್ಕ ನೀರಿನ ಗೆರೆಗಳನ್ನು, ಮನೆಯವರ ಒಪ್ಪಿಗೆ ಪಡೆದು, ಗೋಡೆಯ ಮೇಲೆ ಆಯಿಲ್ ಪೇಂಟಿನಿಂದ ಒಂದು ಗೇಣುದ್ದ ಎಳೆದು ಪಕ್ಕದಲ್ಲಿ ತಿಂಗಳು, ವರ್ಷ ಬರೆಯಿರಿ. ಮುಂದಿನ ಹಸ್ತ ಮಳೆಯಲ್ಲಿ ನೀರು ಆ ಗೆರೆಯ ಎಷ್ಟು ಕೆಳಗೆ ನಿಂತಿತೆಂದು ಸ್ಕೇಲು ಹಿಡಿದು ಅಳೆದು, ಅದೇ ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಬರೆದಿಡಿರಿ.